ಬಾಯಿ ಬಿಡದ ಕಳ್ಳ

ಗ್ರೀಕ್ ಪುರಾಣದ ಪ್ರೊಮಿಥಿಯಸ್ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ದೇವತೆಗಳ ಬೆಂಕಿಯನ್ನು ಕದ್ದು ಮನುಷ್ಯರಿಗೆ ತಂದುಕೊಟ್ಟವನು. ಈ ಬಿರುದಿನ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಕದಿಯಲು ಕೈಚಳಕ ಇದ್ದರೆ ಸಾಕು. ಅವನ ನಿಜವಾದ ಬಂಡಾಯ ಶುರುವಾಗುವುದು ಸಿಕ್ಕಿಬಿದ್ದ ಮೇಲೆ.

ಮೊದಲು ಕೈಚಳಕವನ್ನೇ ನೋಡೋಣ. ಕ್ರಿ.ಪೂ. 700ರ ಆಸುಪಾಸಿನ ಗ್ರೀಕ್ ಕವಿ ಹೆಸಿಯಡ್ ಹೇಳುವಂತೆ, ದೇವತೆಗಳ ದೊರೆ ಝ್ಯೂಸ್ ಮತ್ತು ಪ್ರೊಮಿಥಿಯಸ್ ನಡುವೆ ಜಗಳ ಹತ್ತಿಕೊಂಡದ್ದು ಊಟದ ವಿಷಯಕ್ಕೆ. ಮೆಕೋನೆ ಎಂಬಲ್ಲಿ ದೇವತೆಗಳಿಗೆ ಯಾವ ಪಾಲು, ಮನುಷ್ಯರಿಗೆ ಯಾವ ಪಾಲು ಎಂದು ತೀರ್ಮಾನವಾಗಬೇಕಿತ್ತು. ಪ್ರೊಮಿಥಿಯಸ್ ಎತ್ತೊಂದನ್ನು ಕೊಯ್ದು ಎರಡು ಗುಡ್ಡೆ ಹಾಕಿದ. ಒಳ್ಳೆಯ ಮಾಂಸವನ್ನೆಲ್ಲ ಎತ್ತಿನ ಜಠರದೊಳಗೆ ತುಂಬಿ, ನೋಡಿದರೆ ಮುಖ ತಿರುಗಿಸುವಂತೆ ಇಟ್ಟ. ಇನ್ನೊಂದು ಕಡೆ ಬರೀ ಮೂಳೆ ಜೋಡಿಸಿ, ಮೇಲೆ ಬೆಳ್ಳಗೆ ಮಿರುಗುವ ಕೊಬ್ಬು ಹೊದಿಸಿದ. ಝ್ಯೂಸ್ ಕೊಬ್ಬಿಗೆ ಕೈ ಹಾಕಿದ. ನಮ್ಮ ಹಳ್ಳಿಗಳಲ್ಲಿ ಗುಡ್ಡೆ ಮಾಂಸ ಹಂಚುವುದನ್ನು ನೋಡಿದವರಿಗೆ ಈ ಆಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಲಿ ಕೊಟ್ಟಾಗ ಮೂಳೆಯನ್ನು ದೇವತೆಗಳಿಗೆಂದು ಸುಟ್ಟು, ಮಾಂಸವನ್ನು ತಾವು ತಿನ್ನುವ ಪದ್ಧತಿಗೆ ಗ್ರೀಕರು ಕೊಟ್ಟುಕೊಂಡ ಸಮಜಾಯಿಷಿ ಇದು. ಝ್ಯೂಸ್‌ಗೆ ಈ ಮೋಸ ಮೊದಲೇ ಗೊತ್ತಿತ್ತು ಎಂದು ಹೆಸಿಯಡ್ ಸೇರಿಸುತ್ತಾನೆ. ದೇವರ ಮಾನ ಉಳಿಸಲು ಭಕ್ತ ಹಾಕಿದ ತೇಪೆ ಎಂದೇ ನನ್ನ ಗುಮಾನಿ.

ಸಿಟ್ಟಿಗೆದ್ದ ಝ್ಯೂಸ್ ಮನುಷ್ಯರಿಗೆ ಬೆಂಕಿ ಸಿಗದಂತೆ ಮಾಡಿದ. ಪ್ರೊಮಿಥಿಯಸ್ ಅದನ್ನು ಒಂದು ದಂಟಿನೊಳಗೆ ಅಡಗಿಸಿ ತಂದ. ನಮ್ಮ ಒಗ್ಗರಣೆಗೆ ಬೀಳುವ ಇಂಗಿನ ಗಿಡ ಇದೆಯಲ್ಲ, ಅದೇ ಕುಲದ ಗಿಡ. ಆಳೆತ್ತರ ಮೀರಿ ಬೆಳೆಯುತ್ತದೆ. ಒಣಗಿದ ದಂಟಿನ ತಿರುಳಿಗೆ ಕಿಡಿ ತಾಗಿದರೆ ಭಗ್ಗನೆ ಉರಿಯುವುದಿಲ್ಲ, ಒಳಗೊಳಗೇ ನಿಧಾನವಾಗಿ ಕನಲುತ್ತದೆ. ಹೊರಸಿಪ್ಪೆಗೆ ಬಿಸಿ ತಟ್ಟಿದ ಗುರುತೂ ಇರುವುದಿಲ್ಲ. ನೋಡಿದವರಿಗೆ ಯಾರೋ ಕೋಲೂರಿಕೊಂಡು ಹೊರಟಂತೆ ಕಾಣಬೇಕು, ಅಷ್ಟೇ.

ಇದಕ್ಕೆ ಪ್ರತಿಯಾಗಿ ಝ್ಯೂಸ್ ಮಾಡಿಸಿ ಕಳಿಸಿದ ಮೊದಲ ಹೆಣ್ಣು ಪಂಡೋರಾ. ಲೋಕದ ಕಷ್ಟಗಳನ್ನೆಲ್ಲ ಒಬ್ಬ ಹೆಂಗಸಿನ ತಲೆಗೆ ಕಟ್ಟಿದ ಆ ಕಥೆಯ ಜೊತೆ ನನ್ನ ಜಗಳ ಬೇರೆಯೇ ಇದೆ. ಇನ್ನೊಂದು ದಿನ ಆಡುತ್ತೇನೆ. ಅಂದಹಾಗೆ, ಆ ಕಷ್ಟಗಳು ಹೊರಬೀಳುವಂತೆ ಅವಳು ತೆರೆದದ್ದು ಎಲ್ಲರೂ ಹೇಳುವ ಪೆಟ್ಟಿಗೆಯನ್ನಲ್ಲ, ದವಸ ತುಂಬಿಡುವಂಥ ಗುಡಾಣವನ್ನು.

ಈಗ ಝ್ಯೂಸ್ ಪ್ರೊಮಿಥಿಯಸ್‌ನನ್ನು ಸರಪಳಿಯಲ್ಲಿ ಬಿಗಿಸಿದ ಬಂಡೆಯ ಬಳಿಗೆ ಬನ್ನಿ. ಗ್ರೀಕ್ ನಾಟಕಕಾರ ಈಸ್ಕಿಲಸ್‌ನದೆಂದು ಹೇಳುವ ಒಂದು ನಾಟಕವಿದೆ. ಅವನದು ಹೌದೋ ಅಲ್ಲವೋ ಎಂದು ವಿದ್ವಾಂಸರು ಇನ್ನೂ ಕಾದಾಡುತ್ತಿದ್ದಾರೆ. ಅದರ ಮೊದಲ ದೃಶ್ಯದಲ್ಲಿ ದೇವಲೋಕದ ಕಮ್ಮಾರ ಹೆಫೆಸ್ಟಸ್ ಸರಪಳಿ ಹೊತ್ತು ಬರುತ್ತಾನೆ. ಕಳವಾದ ಬೆಂಕಿ ಅವನದೇ. ಆದರೂ ಅವನಿಗೆ ಕೈ ಏಳುತ್ತಿಲ್ಲ. ತನ್ನ ಕಸುಬಿಗೇ ಶಾಪ ಹಾಕುತ್ತಾನೆ. ಪಕ್ಕದಲ್ಲಿ ಕ್ರಾಟೋಸ್, ಎಂದರೆ ಸಾಕ್ಷಾತ್ ಅಧಿಕಾರಬಲ, ನಿಂತು ಗದರಿಸುತ್ತಿದ್ದಾನೆ: ಇನ್ನೂ ಬಿಗಿ ಮಾಡು, ಎದೆಗೂ ಬೆಣೆ ಹೊಡೆ. ಸುತ್ತಿಗೆ ಒಂದೇ ಸಮನೆ ಬೀಳುತ್ತದೆ. ಇಷ್ಟೂ ಹೊತ್ತು ಪ್ರೊಮಿಥಿಯಸ್ ತುಟಿ ಪಿಟಕ್ಕೆನ್ನುವುದಿಲ್ಲ. ಅವರೆಲ್ಲ ಬೆನ್ನು ತಿರುಗಿಸಿ ಹೋದ ಮೇಲೆಯೇ ಅವನ ಮೊದಲ ಮಾತು, ಅದೂ ಆಕಾಶಕ್ಕೆ, ಗಾಳಿಗೆ, ನದಿಗಳಿಗೆ, ಸಮುದ್ರದ ಅಲೆಗಳಿಗೆ.

ಆಮೇಲೆ ಅವನು ಹೇಳುವುದನ್ನು ಕೇಳಿದರೆ ಬೆಂಕಿ ತೀರಾ ಸಣ್ಣದಾಗಿ ಕಾಣುತ್ತದೆ. ಅಕ್ಷರ, ಲೆಕ್ಕ, ನೊಗ, ಹಾಯಿ ಹಡಗು, ಔಷಧ, ಎಲ್ಲವನ್ನೂ ಕಲಿಸಿದವನು ತಾನು ಎನ್ನುತ್ತಾನೆ. ಸಾವನ್ನು ಮುಂಚಿತವಾಗಿ ಕಾಣದಂತೆ ಮನುಷ್ಯರೊಳಗೆ ಕುರುಡು ಭರವಸೆಯನ್ನೂ ಇಟ್ಟನಂತೆ. ಇನ್ನೊಂದು ಸಂಗತಿಯೂ ಹೊರಬೀಳುತ್ತದೆ: ಹಳೆಯ ದೇವತೆಗಳಾದ ಟೈಟನ್ನರ ವಿರುದ್ಧದ ಯುದ್ಧದಲ್ಲಿ ಝ್ಯೂಸ್‌ಗೆ ಪಟ್ಟ ಕಟ್ಟಿಸಲು ನೆರವಾದವನೂ ಇವನೇ. ಪಟ್ಟವೇರಿದ ಝ್ಯೂಸ್ ಮನುಷ್ಯಕುಲವನ್ನೇ ಅಳಿಸಲು ಹೊರಟಾಗ ಬೇಡ ಎಂದವನು ಇವನೊಬ್ಬನೇ.

ಇಷ್ಟೆಲ್ಲ ಮಾಡಿಸಿಕೊಂಡ ನಾವು? ಇಡೀ ನಾಟಕದಲ್ಲಿ ಬಂಡೆಯ ಬಳಿಗೆ ಬರುವ ಮನುಷ್ಯಳು ಒಬ್ಬಳೇ, ಇಯೋ. ಅವಳೂ ಉಪಕಾರ ನೆನೆದು ಬಂದವಳಲ್ಲ. ಝ್ಯೂಸ್‌ನ ಮೋಹಕ್ಕೆ ಸಿಕ್ಕಿ, ತಲೆಯ ಮೇಲೆ ಹಸುವಿನ ಕೋಡು ಮೂಡಿ, ದನಕ್ಕೆ ಕಚ್ಚುವ ನೊಣದಿಂದ ಅಟ್ಟಿಸಿಕೊಂಡು ದಿಕ್ಕೆಟ್ಟು ಓಡುತ್ತ ಅಲ್ಲಿಗೆ ತಲುಪಿದವಳು. ಅವಳ ಹದಿಮೂರನೆಯ ತಲೆಮಾರಿನವನೊಬ್ಬ ತನ್ನನ್ನು ಬಿಡಿಸುತ್ತಾನೆ ಎಂದು ಪ್ರೊಮಿಥಿಯಸ್ ಹೇಳುತ್ತಾನೆ. ಹದಿಮೂರು ತಲೆಮಾರು ಎಂದರೆ ಎಷ್ಟು ಕಾಯುವಿಕೆ ಎಂದು ಲೆಕ್ಕ ಹಾಕಿ ನೋಡಿ.

ಕಾಯಬೇಕಾಗಿಯೇ ಇರಲಿಲ್ಲ. ಝ್ಯೂಸ್‌ಗೆ ಬೇಕಿದ್ದದ್ದು ಒಂದೇ ಒಂದು ಹೆಸರು. ಒಬ್ಬಳನ್ನು ಕೂಡಿದರೆ ಅಪ್ಪನನ್ನು ಮೀರಿಸುವ ಮಗ ಹುಟ್ಟುತ್ತಾನೆ, ಸಿಂಹಾಸನ ಹೋಗುತ್ತದೆ. ಅವಳು ಯಾರೆಂಬುದು ಪ್ರೊಮಿಥಿಯಸ್‌ಗೆ ಗೊತ್ತು. ಕೊನೆಗೆ ದೂತ ಹರ್ಮಿಸ್ ಬಂದು ಹೇಳುವುದಿಷ್ಟು: ಹೆಸರು ಹೇಳು, ಇಲ್ಲವಾದರೆ ಬಂಡೆ ಸಿಡಿದು ಪಾತಾಳ ಸೇರುತ್ತೀಯೆ, ಮೇಲೆ ಬಂದಾಗ ಹದ್ದು ನಿನ್ನ ಯಕೃತ್ತನ್ನು ಕುಕ್ಕಿ ತಿನ್ನುತ್ತದೆ. ಝ್ಯೂಸ್‌ನ ಆಳಾಗಿರುವುದಕ್ಕಿಂತ ಈ ಸಂಕಟವೇ ವಾಸಿ ಎಂಬುದು ಅವನ ಉತ್ತರ. ನೆಲ ನಡುಗುತ್ತದೆ, ನಾಟಕ ಮುಗಿಯುತ್ತದೆ.

ಮುಂದೆ ಇಯೋ ವಂಶದ ಆ ವೀರ ಹೆರಾಕ್ಲಿಸ್ ಹದ್ದನ್ನು ಕೊಂದದ್ದು, ಸಮುದ್ರದೇವತೆ ಥೆಟಿಸ್‌ಳ ಆ ಹೆಸರು ಹೊರಬಿದ್ದದ್ದು, ಝ್ಯೂಸ್ ಜೊತೆ ರಾಜಿಯಾದದ್ದು, ಎಲ್ಲವೂ ಪುರಾಣದಲ್ಲಿದೆ. ಆದರೆ ಬಿಡುಗಡೆಯ ಕಥೆ ಹೇಳುವ ಇನ್ನೊಂದು ನಾಟಕ ಕಳೆದುಹೋಗಿ ಒಂದಿಷ್ಟು ಚೂರುಗಳು ಮಾತ್ರ ಉಳಿದಿವೆ. ಓದುಬಲ್ಲವರು ಅದಕ್ಕಾಗಿ ಮರುಗುತ್ತಾರೆ. ನನಗೆ ಅಷ್ಟೇನೂ ಬೇಸರವಿಲ್ಲ.