ಮಿದುಳು ಓದಬೇಕು ಅಂದವರಿಗೆ ಮೊದಲು ಪೊಟ್ಯಾಸಿಯಂ

ಎಲ್ಲರಿಗೂ ನಮಸ್ಕಾರ. ಇದು ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ಯೂನಿವರ್ಸಿಟಿ. ಇಲ್ಲಿ ಸೈಕಲ್‌ಗಳು ಜಾಸ್ತಿ, ಹಿಂದೆ ಕೇಳಿಸುತ್ತಿರುವುದು ಅವುಗಳ ಬೆಲ್ಲೇ. ನಾನು ಓದುತ್ತಿರುವ ಮೇಜರ್, ಅಂದರೆ ಮುಖ್ಯ ವಿಷಯ, ನ್ಯೂರೋಬಯಾಲಜಿ, ಫಿಸಿಯಾಲಜಿ ಅಂಡ್ ಬಿಹೇವಿಯರ್: ನರಗಳು, ದೇಹ ಕೆಲಸ ಮಾಡುವ ರೀತಿ, ನಡವಳಿಕೆ. ಅಷ್ಟುದ್ದ ಯಾರೂ ಹೇಳುವುದಿಲ್ಲ, ಎನ್‌ಪಿಬಿ ಅಂದರೆ ಸಾಕು.

ಫೋನ್ ಮಾಡಿದಾಗಲೆಲ್ಲ ನಮ್ಮಜ್ಜಿ ಕೇಳುವುದು ಒಂದೇ: "ಮಿದುಳಿನ ಡಾಕ್ಟರ್ ಆಗ್ತೀಯೇನೇ?" ಇದು ಡಾಕ್ಟರ್ ಓದಲ್ಲ ಅಜ್ಜಿ, ನಾಲ್ಕು ವರ್ಷದ ಡಿಗ್ರಿ. ಅಮೆರಿಕದಲ್ಲಿ ಮೆಡಿಕಲ್ ಶುರುವಾಗುವುದೇ ಡಿಗ್ರಿ ಮುಗಿದ ಮೇಲೆ. ನನ್ನ ಜೊತೆಯವರಲ್ಲಿ ತುಂಬಾ ಜನ ಆ ದಾರಿಯಲ್ಲೇ ಇದ್ದಾರೆ. ನನಗೆ ಮಾತ್ರ ಲ್ಯಾಬ್ ಕಡೆಗೇ ಮನಸ್ಸು.

ಶುರುವಿನಲ್ಲಿ ಮಿದುಳಿನ ಸುದ್ದಿಯೇ ಕಡಿಮೆ. ಕೆಮಿಸ್ಟ್ರಿ, ಕ್ಯಾಲ್ಕುಲಸ್, ಫಿಸಿಕ್ಸ್. ಇಲ್ಲಿ ಸೆಮಿಸ್ಟರ್ ಬದಲು ಕ್ವಾರ್ಟರ್, ಒಂದಕ್ಕೆ ಹತ್ತೇ ವಾರದ ಪಾಠ, ಕೂತು ಬರೆಯುವಷ್ಟರಲ್ಲಿ ಮಿಡ್‌ಟರ್ಮ್ ಬಂದಿರುತ್ತದೆ. ಇದೆಲ್ಲ ಯಾಕಪ್ಪಾ ಅನ್ನಿಸುವವರು ಎನ್‌ಪಿಬಿ 100 ಅನ್ನುವ ಕೋರ್ಸ್ ಬರುವವರೆಗೆ ತಡೆದುಕೊಳ್ಳಿ. ಓದಿದ್ದೆಲ್ಲ ಅಲ್ಲಿ ಒಂದೇ ಪೊರೆಯ ಮೇಲೆ, ನರಕೋಶದ ಪೊರೆಯ ಮೇಲೆ, ಬಂದು ಸೇರುತ್ತದೆ.

ಈ ನೋಟ್‌ಬುಕ್ ನೋಡಿ. ನರಕೋಶದ ಒಳಗೆ ಪೊಟ್ಯಾಸಿಯಂ ಸಾಂದ್ರತೆ ಸುಮಾರು 140 ಮಿಲಿಮೋಲಾರ್, ಹೊರಗೆ ಬರೀ 5. ಹಾಗಾಗಿ ಅದು ಹೊರಗೆ ಹೋಗಲು ನೋಡುತ್ತದೆ. ಅದರದ್ದು ಪಾಸಿಟಿವ್ ಚಾರ್ಜ್, ಹಾಗಾಗಿ ಹೋದಷ್ಟೂ ಒಳಗೆ ನೆಗೆಟಿವ್ ಚಾರ್ಜ್ ಉಳಿದು, ಅದನ್ನೇ ವಾಪಸ್ ಎಳೆಯುತ್ತದೆ. ಈ ಎರಡು ಎಳೆತ ಸಮ ಆಗುವುದು ಎಷ್ಟು ವೋಲ್ಟೇಜ್‌ಗೆ? ನರ್ನ್‌ಸ್ಟ್ ಸಮೀಕರಣಕ್ಕೆ ಹಾಕಿ, ಲಾಗ್ ತೆಗೆದರೆ ಸುಮಾರು -89 ಮಿಲಿವೋಲ್ಟ್. ನಿಜವಾದ ನರಕೋಶದಲ್ಲಿ ಅಳೆದರೆ ಸಾಮಾನ್ಯವಾಗಿ -70ರ ಆಸುಪಾಸು. ಸೋಡಿಯಂ ಚೂರುಪಾರು ಒಳಗೆ ಸೋರುತ್ತಿರುತ್ತದೆ, ಅದಕ್ಕೇ ಈ ವ್ಯತ್ಯಾಸ. ಹಾಗೆ ಸೋರಿದ್ದನ್ನು ಪೊರೆಯಲ್ಲೇ ಇರುವ ಒಂದು ಪಂಪ್ ಹೊರಗೆ ಹಾಕುತ್ತಲೇ ಇರುತ್ತದೆ: ಪ್ರತಿ ಸುತ್ತಿಗೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ನಾವು ಸುಮ್ನೆ ಕೂತಿದ್ದರೂ ದೇಹದ ಶಕ್ತಿಯಲ್ಲಿ ಸುಮಾರು 20% ಮಿದುಳಿಗೇ ಬೇಕು. ಅದರಲ್ಲಿ ದೊಡ್ಡ ಪಾಲು ಈ ಪಂಪ್‌ಗೆ ಹೋಗುತ್ತದೆ. ಪಿಯುಸಿಯಲ್ಲಿ ಬಯಾಲಜಿ ಸಾಕು, ಮ್ಯಾಥ್ಸ್ ಬಿಡೋಣ ಅಂತಿರುವವರು ಇನ್ನೊಮ್ಮೆ ಯೋಚನೆ ಮಾಡಿ, ಆಯ್ತಾ?

ಇನ್ನು ನನಗೆ ತುಂಬಾ ಇಷ್ಟವಾದ ಕಥೆ. ಸ್ಕ್ವಿಡ್ ಅನ್ನುವ ಸಮುದ್ರಜೀವಿಗೆ ಒಂದು ನರತಂತು ಇದೆ, ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬರಿಗಣ್ಣಿಗೇ ಕಾಣುತ್ತದೆ! ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್ಲೀ ಅದರೊಳಗೆ ಎಲೆಕ್ಟ್ರೋಡ್ ತೂರಿಸಿ ವೋಲ್ಟೇಜ್ ಅಳೆದರು. ನಡುವೆ ಎರಡನೇ ಮಹಾಯುದ್ಧ ಬಂತು, ಕೆಲಸ ನಿಂತಿತು. ಆಮೇಲೆ ಮತ್ತೆ ಶುರು ಮಾಡಿ 1952ರಲ್ಲಿ ಇಡೀ ನರಸಂಕೇತವನ್ನು, ಅಂದರೆ ನರತಂತುವಿನಲ್ಲಿ ಓಡುವ ವೋಲ್ಟೇಜ್ ಅಲೆಯನ್ನು, ಸಮೀಕರಣದಲ್ಲಿ ಬರೆದರು. ಆ ಲೆಕ್ಕವನ್ನೆಲ್ಲ ಹಕ್ಸ್ಲೀ ಮಾಡಿದ್ದು ಕೈಯಿಂದ ತಿರುಗಿಸುವ ಯಂತ್ರದಲ್ಲಿ. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅವರು ಬಿಡಿಸಿದ ಗ್ರಾಫ್ ನೋಡುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಹಲ್ಲು ಕೀಳಿಸುವಾಗ ಇಂಜೆಕ್ಷನ್ ಕೊಡುತ್ತಾರಲ್ವಾ? ಅದರಲ್ಲಿರುವ ಲಿಡೋಕೇನ್ ಮುಚ್ಚುವುದು ಸಂಕೇತದ ಹೊತ್ತಿನಲ್ಲಿ ಸೋಡಿಯಂ ಒಳಗೆ ನುಗ್ಗುವ ದಾರಿಯನ್ನು, ಅಂದರೆ ಪೊರೆಯ ಸೋಡಿಯಂ ಚಾನಲ್ ಅನ್ನು. ಸೋಡಿಯಂ ಒಳಗೆ ನುಗ್ಗದಿದ್ದರೆ ಸಂಕೇತ ಹುಟ್ಟುವುದಿಲ್ಲ, ನೋವಿನ ಸುದ್ದಿ ಮಿದುಳಿಗೆ ಮುಟ್ಟುವುದೂ ಇಲ್ಲ.

ನಾಳೆಯ ಕ್ಲಾಸೂ ಇದರ ಮೇಲೇ. ತೆರೆದ ಸೋಡಿಯಂ ಚಾನಲ್ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಮತ್ತೆ ತೆರೆಯುವುದಿಲ್ಲ. ಅದಕ್ಕೇ ಸಂಕೇತ ಬಂದ ದಾರಿಯಲ್ಲಿ ಹಿಂದಕ್ಕೆ ಹೋಗದೆ ಮುಂದಕ್ಕೇ ಹೋಗುತ್ತದೆ. ಆ ಪಾಠದ ವೀಡಿಯೊ ಮುಂದಿನ ವಾರ ಹಾಕುತ್ತೇನೆ.