ಮಾತ್ರೆಯ ಜೊತೆಗೆ ಮುದ್ದೆ: ಬಡತನ ಮತ್ತು ಕ್ಷಯರೋಗ

ಕೇಳುಗ ಬಂಧುಗಳಿಗೆ ನಮಸ್ಕಾರ.

ಕ್ಷಯರೋಗದ ವಿಚಾರದಲ್ಲಿ ಇಡೀ ದೇಶ ಕಲಿತ ಒಂದು ಪಾಠ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಿಂದ ಹೋದದ್ದು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅದರ ತಂಡದವರು 1960ರ ದಶಕದ ಆರಂಭದಲ್ಲಿ ಈ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಎಕ್ಸ್‌ರೇ ತೆಗೆದರು, ಕಫ ಪರೀಕ್ಷೆ ಮಾಡಿದರು. ಹಳ್ಳಿಯ ಜನಕ್ಕೆ ಕಾಯಿಲೆಯ ಅರಿವೇ ಇಲ್ಲ, ನಾವೇ ಹೋಗಿ ಹುಡುಕದಿದ್ದರೆ ಅವರು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ ಎಂಬುದು ಆಗ ತಜ್ಞರಲ್ಲಿ ಅನೇಕರ ನಂಬಿಕೆ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು ರೋಗಿಗಳನ್ನೇ ಕೂರಿಸಿಕೊಂಡು ಕೇಳಿದರು. 1963ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಹೆಚ್ಚುಕಡಿಮೆ ಎಲ್ಲ ರೋಗಿಗಳಿಗೂ ತಮ್ಮ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಇದ್ದರು. ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ.

ಬಡವರು ಬಂದಿದ್ದರು, ಆಸ್ಪತ್ರೆ ಅವರನ್ನು ಗುರುತಿಸಲಿಲ್ಲ. ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ, ಅಲ್ಲೇ ಮಾತ್ರೆ ಎಂಬ ಇಂದಿನ ಏರ್ಪಾಡಿನ ಬೇರು ಈ ತಿಳಿವಳಿಕೆಯಲ್ಲಿದೆ.

ಈಗ ಮಾತ್ರೆ ಇದೆ, ಪರೀಕ್ಷೆ ಇದೆ, ಎರಡಕ್ಕೂ ಕಾಸು ಕೊಡಬೇಕಿಲ್ಲ. ಆದರೂ ಕಾಯಿಲೆ ಮತ್ತೆ ಮತ್ತೆ ಅದೇ ಕೇರಿಗೆ, ಕೆಲವು ಸಲ ಅದೇ ಮನೆಗೆ ಬರುವುದೇಕೆ? ಉತ್ತರಕ್ಕೆ ಈ ರೋಗಾಣು ನಡೆದುಕೊಳ್ಳುವ ರೀತಿಯನ್ನು ನೋಡಬೇಕು. ಕೆಮ್ಮಿನ ಮೂಲಕ ಗಾಳಿಗೆ ಬಂದ ರೋಗಾಣು ಇನ್ನೊಬ್ಬರ ಶ್ವಾಸಕೋಶ ಸೇರಿದ ತಕ್ಷಣ ಕಾಯಿಲೆ ಬಂತು ಎಂದೇನಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಐದರಿಂದ ಹತ್ತು ಜನಕ್ಕೆ ಮಾತ್ರ ಜೀವಮಾನದಲ್ಲಿ ಎಂದಾದರೂ ಕ್ಷಯ ಕಾಣಿಸಿಕೊಳ್ಳುತ್ತದೆ. ರೋಗಾಣು ಮೈಯಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರಬಹುದು, ಮೈಯ ಕಾವಲು ಸಡಿಲವಾದ ವರ್ಷ ಏಳಬಹುದು. ಎಚ್‌ಐವಿ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಕುಡಿತ, ಕಲ್ಲಿನ ದೂಳು ಇವೆಲ್ಲ ಆ ಕಾವಲನ್ನು ಸಡಿಲಿಸುತ್ತವೆ. ನಮ್ಮ ದೇಶದಲ್ಲಿ ಇವುಗಳ ಸಾಲಿನಲ್ಲಿ ಮುಂದೆ ನಿಲ್ಲುವುದು ಹೊಟ್ಟೆಗೆ ಸಾಲದ ಊಟ. ಮಳೆ ಕೈಕೊಟ್ಟ ವರ್ಷ ಶೇಂಗಾ ಬೆಳೆ ಹೋಯಿತು, ಸಾಲ ಬೆಳೆಯಿತು, ಮನೆಯವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಹತ್ತಡಿಯ ಶೆಡ್ಡಿನಲ್ಲಿ ಆರು ಜನ ಮಲಗಿದರು ಎಂದುಕೊಳ್ಳಿ. ಹಳೆಯ ಸೋಂಕು ಏಳುವುದಕ್ಕೂ ಹೊಸ ಸೋಂಕು ಹರಡುವುದಕ್ಕೂ ಇನ್ನೇನೂ ಬೇಕಿಲ್ಲ.

ಇಂಗ್ಲೆಂಡಿನಲ್ಲಿ ಕ್ಷಯದ ಸಾವು 19ನೇ ಶತಮಾನದ ನಡುವಿನಿಂದಲೇ ಇಳಿಯುತ್ತಾ ಬಂದಿತ್ತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬರುವ ಹೊತ್ತಿಗೆ ಇಳಿಕೆಯ ಬಹುಪಾಲು ಆಗಿಹೋಗಿತ್ತು. ಊಟ, ಕೂಲಿ, ಗಾಳಿ ಬೆಳಕಿನ ಮನೆ, ರೋಗಿಗಳನ್ನು ಬೇರೆ ಇಟ್ಟದ್ದು, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಆದರೆ ಔಷಧಿ ಹುಟ್ಟುವ ಮುಂಚೆಯೇ ಬದುಕು ಸುಧಾರಿಸಿದ ಕಡೆ ಕಾಯಿಲೆ ಹಿಂದೆ ಸರಿಯಿತು ಎಂಬುದರಲ್ಲಿ ಅನುಮಾನವಿಲ್ಲ.

ಇದನ್ನು ಕೇಳಿ ಊಟ ಚೆನ್ನಾಗಿದ್ದರೆ ಮಾತ್ರೆ ಬೇಡವೇನೋ ಎಂದು ಯಾರೂ ತಿಳಿಯಬಾರದು. 1956ರಲ್ಲಿ ಶುರುವಾಗಿ 1959ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನವೊಂದು ಇದಕ್ಕೆ ಉತ್ತರ ಕೊಟ್ಟಿದೆ. ಕೆಲವು ರೋಗಿಗಳನ್ನು ಸ್ಯಾನಟೋರಿಯಂನಲ್ಲಿ, ಅಂದರೆ ಕ್ಷಯರೋಗಿಗಳ ಆಸ್ಪತ್ರೆಯಲ್ಲಿ, ಇಟ್ಟು ಮಾತ್ರೆಯ ಜೊತೆಗೆ ಒಳ್ಳೆಯ ಊಟ, ವಿಶ್ರಾಂತಿ ಕೊಟ್ಟರು. ಉಳಿದವರು ಕಿಕ್ಕಿರಿದ ತಮ್ಮ ಮನೆಗಳಲ್ಲೇ, ತಮ್ಮ ಬಡ ಊಟದಲ್ಲೇ ಅವೇ ಮಾತ್ರೆ ನುಂಗಿದರು. ವರ್ಷದ ಕೊನೆಗೆ ಎರಡೂ ಕಡೆ ಗುಣವಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಬಂದ ಕ್ಷಯವನ್ನು ವಾಸಿಮಾಡುವುದು ಮಾತ್ರೆ. ಊಟದ ಕೆಲಸ ಬೇರೆ: ರೋಗಿ ಸಾಯದಂತೆ ನೋಡಿಕೊಳ್ಳುವುದು, ಅದೇ ಮನೆಯಲ್ಲಿ ಮುಂದಿನ ರೋಗಿ ಹುಟ್ಟದಂತೆ ತಡೆಯುವುದು.

ಈ ಎರಡನೆಯ ಮಾತಿಗೆ ಗಟ್ಟಿ ಪುರಾವೆ ಸಿಕ್ಕಿದ್ದು ಜಾರ್ಖಂಡ್‌ನಲ್ಲಿ. 2019ರಿಂದ 2022ರವರೆಗೆ 2,800 ರೋಗಿಗಳ ಮನೆಗಳಲ್ಲಿ ನಡೆದ ಆ ಅಧ್ಯಯನದಲ್ಲಿ ರೋಗಿಗಳಿಗೆಲ್ಲ ಆಹಾರದ ಕಿಟ್ ಕೊಟ್ಟರು. ಒಂದು ಗುಂಪಿನಲ್ಲಿ ಮಾತ್ರ ಮನೆಮಂದಿಗೂ ತಲಾ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ಶೇ 39ರಷ್ಟು ಕಡಿಮೆಯಾಯಿತು. ಇನ್ನೊಬ್ಬರಿಗೆ ಹರಡುವಂಥ ಶ್ವಾಸಕೋಶದ ಕ್ಷಯ ಶೇ 48ರಷ್ಟು ಇಳಿಯಿತು. ಅಕ್ಕಿ, ಬೇಳೆಯಿಂದ ಆದದ್ದು ಇದು! ಚಿಕಿತ್ಸೆ ಶುರುವಾದ ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಏರಿದ ರೋಗಿಗಳಲ್ಲಿ ಸಾವಿನ ಅಪಾಯವೂ ಅರ್ಧಕ್ಕಿಂತ ಹೆಚ್ಚು ಕಡಿಮೆಯಿತ್ತು. 42 ಕೆಜಿ ತೂಗುವವರಿಗೆ ಶೇ 5 ಎಂದರೆ ಎರಡು ಕೆಜಿ ಚಿಲ್ಲರೆ.

ಹಾಗಾಗಿ ಚಿಕಿತ್ಸೆಯ ಮೊದಲ ದಿನವೇ ತೂಕ, ಎತ್ತರ ಎರಡನ್ನೂ ಬರೆಸಿಕೊಳ್ಳಿ. ಐದು ಅಡಿ ನಾಲ್ಕು ಅಂಗುಲದ ಗಂಡಸು 49 ಕೆಜಿಗಿಂತ ಕಡಿಮೆ, ಐದು ಅಡಿಯ ಹೆಂಗಸು 43 ಕೆಜಿಗಿಂತ ಕಡಿಮೆ ಇದ್ದರೆ ಅದು ಅಪೌಷ್ಟಿಕತೆ. ಎದ್ದು ನಿಲ್ಲಲಾಗದಷ್ಟು ಸೊರಗಿದವರನ್ನು, ಕಾಲು ಊದಿಕೊಂಡವರನ್ನು, ಉಸಿರು ಕಟ್ಟುವವರನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಆಸ್ಪತ್ರೆಗೆ ದಾಖಲು ಮಾಡಿ.

ಇನ್ನು ತಟ್ಟೆಯ ವಿಚಾರ. ಚೇತರಿಸಿಕೊಳ್ಳುತ್ತಿರುವ ದೊಡ್ಡವರಿಗೆ ದಿನಕ್ಕೆ ಸುಮಾರು 60ರಿಂದ 75 ಗ್ರಾಂ ಪ್ರೋಟೀನು ಬೇಕು. ಇದಕ್ಕೆ ಡಬ್ಬದ ಪುಡಿಯನ್ನು ನೂರಾರು ರೂಪಾಯಿ ಕೊಟ್ಟು ತರಬೇಕಿಲ್ಲ. 300 ಗ್ರಾಂ ರಾಗಿಹಿಟ್ಟು, ಅಂದರೆ ಸಾಧಾರಣ ಗಾತ್ರದ ಮೂರು ಮುದ್ದೆ, ಸುಮಾರು 21 ಗ್ರಾಂ ಕೊಡುತ್ತದೆ. 150 ಗ್ರಾಂ ಅಕ್ಕಿಯಲ್ಲಿ 12, ಐವತ್ತು ಗ್ರಾಂ ಹುರುಳಿಕಾಳಿನಲ್ಲಿ 11, ಐವತ್ತು ಗ್ರಾಂ ಕಡಲೆಕಾಯಿ ಬೀಜದಲ್ಲಿ 12, ಎರಡು ಮೊಟ್ಟೆಯಲ್ಲಿ 12. ಕೂಡಿದರೆ 68 ಗ್ರಾಂ ಹತ್ತಿರ ಬರುತ್ತದೆ. ಮೊಟ್ಟೆ ತಿನ್ನದವರು ಹಾಲು, ಮೊಸರು, ಅವರೆಕಾಳು, ಅಲಸಂದೆಕಾಳು ಹೆಚ್ಚಿಸಿಕೊಳ್ಳಲಿ.

ಇಲ್ಲಿ ಎಡವುವ ಜಾಗಗಳು ಮೂರು ನಾಲ್ಕಿವೆ. ಹುರುಳಿ ಬೇಯಿಸಿ ಕಟ್ಟು ಬಸಿದು, ಕಟ್ಟನ್ನು ಸಾರಿಗೆ ಹಾಕಿ ಕಾಳನ್ನು ದನಕ್ಕೆ ಇಡುವ ಮನೆಗಳಿವೆ. ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ರೋಗಿಗೆ ಆ ಕಾಳನ್ನು ರುಬ್ಬಿ ಸಾರಿಗೆ ಸೇರಿಸಿ, ಇಲ್ಲವೇ ಒಗ್ಗರಣೆ ಹಾಕಿ ಪಲ್ಯ ಮಾಡಿ. ಎರಡನೆಯದು ಪಥ್ಯ. ಮೊಟ್ಟೆ ಉಷ್ಣ, ಕಡಲೆಕಾಯಿ ಪಿತ್ತ, ಮೊಸರು ಶೀತ ಎಂದು ಒಂದೊಂದನ್ನೇ ತಟ್ಟೆಯಿಂದ ತೆಗೆದರೆ ಕೊನೆಗೆ ಉಳಿಯುವುದು ಗಂಜಿ ನೀರು. ಕ್ಷಯಕ್ಕೆ ಇಂಥ ಪಥ್ಯ ಯಾವುದೂ ಇಲ್ಲ. ಮೊದಲ ವಾರಗಳಲ್ಲಿ ಜ್ವರದಿಂದ ಬಾಯಿರುಚಿ ಸತ್ತಿರುತ್ತದೆ, ಇಡೀ ಮುದ್ದೆ ಇಳಿಯುವುದಿಲ್ಲ. ಆಗ ರಾಗಿ ಅಂಬಲಿಗೆ ಕಡಲೆಕಾಯಿ ಪುಡಿ ಕಲಸಿ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ನನಗೆ ಎಲ್ಲಕ್ಕಿಂತ ಸಂಕಟ ತರುವುದು ನಾಲ್ಕನೆಯದು: ರೋಗಿ ಮನೆಯ ಸೊಸೆಯೋ ತಾಯಿಯೋ ಆಗಿದ್ದರೆ, ಎಲ್ಲರಿಗೂ ಬಡಿಸಿ ಮಿಕ್ಕದ್ದನ್ನು ಅವಳು ಉಣ್ಣುತ್ತಾಳೆ. ದಯವಿಟ್ಟು ಚಿಕಿತ್ಸೆಯ ಈ ಆರು ತಿಂಗಳಾದರೂ ಅವಳ ತಟ್ಟೆಗೆ ಮೊದಲು ಬಡಿಸಿ.

ದುಡ್ಡಿನ ಲೆಕ್ಕಕ್ಕೆ ಬರೋಣ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ತಿಂಗಳಿಗೆ 25 ದಿನದಂತೆ ಎರಡು ತಿಂಗಳು ಕೆಲಸ ತಪ್ಪಿದರೆ 18,500 ರೂಪಾಯಿ ಹೋಯಿತು. ಕ್ಷಯರೋಗಿಗಳ ಊಟಕ್ಕೆ ಹಣ ಕೊಡುವ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆ 2018ರಲ್ಲಿ ತಿಂಗಳಿಗೆ 500 ರೂಪಾಯಿಂದ ಶುರುವಾಗಿ, 2024ರ ನವೆಂಬರ್‌ನಿಂದ 1,000 ಆಯಿತು. ಆರು ತಿಂಗಳಿಗೆ 6,000. ಕೂಲಿಯ ನಷ್ಟವನ್ನು ಅದು ತುಂಬುವುದಿಲ್ಲ, ಆದರೆ ಮೊಟ್ಟೆ, ಬೇಳೆ, ಎಣ್ಣೆಗೆ ಆಗುತ್ತದೆ. ಇದು ಕೈಗೆ ಬಾರದಿರುವುದಕ್ಕೆ ಸಾಮಾನ್ಯ ಕಾರಣಗಳು ಸಣ್ಣವು: ಬ್ಯಾಂಕ್ ಖಾತೆ ಬಹಳ ದಿನ ಬಳಸದೆ ನಿಂತುಹೋಗಿರುತ್ತದೆ, ಆಧಾರ್ ಜೋಡಣೆ ಆಗಿರುವುದಿಲ್ಲ, ಹೆಸರಿನ ಅಕ್ಷರ ಹೊಂದುವುದಿಲ್ಲ. ಚಿಕಿತ್ಸೆ ಶುರುವಾದ ವಾರದಲ್ಲೇ ಪಾಸ್‌ಬುಕ್ಕಿನ ಪ್ರತಿಯನ್ನು ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟು, ನಿಕ್ಷಯ್‌ನಲ್ಲಿ ಹೆಸರು ಸೇರಿತೇ ಎಂದು ಕೇಳಿ. ಖಾಸಗಿ ಡಾಕ್ಟರ ಬಳಿ ಚಿಕಿತ್ಸೆ ಪಡೆಯುವವರಿಗೂ ಈ ಹಣ ಉಂಟು. ಸಹಾಯವಾಣಿ 1800-11-6666.

ಬಡ ಮನೆಯ ದುಡ್ಡು ಬಹಳಷ್ಟು ಸಲ ಕಾಯಿಲೆಯ ಹೆಸರು ಗೊತ್ತಾಗುವ ಮೊದಲೇ ಕರಗಿರುತ್ತದೆ. ಊರಿನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್, ಮತ್ತೊಂದು ಕಡೆ ಗ್ಲೂಕೋಸ್ ಬಾಟಲಿ, ಇನ್ನೊಂದು ಕಡೆ ಕೆಮ್ಮಿನ ಸಿರಪ್ಪು. ಅಷ್ಟರಲ್ಲಿ ಒಡವೆ ಗಿರವಿಗೆ ಹೋಗಿ, ಸಂಘದ ಸಾಲದ ಕಂತು ತಪ್ಪಿರುತ್ತದೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಬಾಯಿಯ ಜೊಲ್ಲು ಕೊಟ್ಟರೆ ಪರೀಕ್ಷೆ ಕೆಡುತ್ತದೆ. ಬೆಳಗ್ಗೆ ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯೊಳಗಿಂದ ಕೆಮ್ಮಿ ಬಂದ ಗಟ್ಟಿ ಕಫವನ್ನು ಬಯಲಲ್ಲಿ ನಿಂತು ಡಬ್ಬಿಗೆ ಉಗುಳಿ.

ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು: ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು. ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ. 35ರಿಂದ 49 ಕೆಜಿಯವರಿಗೆ ದಿನಕ್ಕೆ ಮೂರು, 50ರಿಂದ 64 ಕೆಜಿಯವರಿಗೆ ನಾಲ್ಕು. ಆದ್ದರಿಂದ ತೂಕ ಚೆನ್ನಾಗಿ ಏರಿದರೆ ಮಾತ್ರೆಯ ಲೆಕ್ಕವನ್ನೂ ಮತ್ತೆ ನೋಡಿಸಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಈ ಔಷಧಿಗಳಲ್ಲೊಂದಾದ ರಿಫಾಂಪಿಸಿನ್‌ನ ಬಣ್ಣ, ಹೆದರಬೇಡಿ. ಕಣ್ಣು ಹಳದಿಯಾಗಿ ವಾಂತಿ ಆದರೆ ಮಾತ್ರ ಅದೇ ದಿನ ಡಾಕ್ಟರನ್ನು ಕಾಣಿ. ಕುಡಿಯುವವರಿಗೆ ಈ ಅಪಾಯ ಹೆಚ್ಚು. ಕಣ್ಣು ಮಂಜಾದರೂ, ಕೈಕಾಲು ಜೋಮು ಹಿಡಿದರೂ ಹೇಳಿ, ಅದಕ್ಕೆ ದಾರಿಯಿದೆ.

ಎರಡನೇ ತಿಂಗಳ ಹೊತ್ತಿಗೆ ಜ್ವರ ಹೋಗಿ ಹಸಿವು ಬರುತ್ತದೆ. ಕೂಲಿಯವರು ಮಾತ್ರೆ ಬಿಟ್ಟು ಕೆಲಸಕ್ಕೆ ಹೊರಡುವುದು ಈ ಹಂತದಲ್ಲೇ, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ ಬೈದು ಪ್ರಯೋಜನವಿಲ್ಲ. ಬೆಂಗಳೂರಿಗೋ ಬೇರೆ ಊರಿಗೋ ಹೋಗಲೇಬೇಕಾದರೆ ಹೋಗುವ ಮುಂಚೆ ಆಸ್ಪತ್ರೆಗೆ ತಿಳಿಸಿ. ನಿಮ್ಮ ಹೆಸರು ಆ ಊರಿನ ಕೇಂದ್ರಕ್ಕೆ ವರ್ಗವಾಗುತ್ತದೆ, ಮಾತ್ರೆ ಅಲ್ಲಿ ಸಿಗುತ್ತದೆ. ನಡುವೆ ಬಿಟ್ಟು ಬಿಟ್ಟು ನುಂಗಿದರೆ ರೋಗಾಣು ಔಷಧಿಗೆ ಬಗ್ಗದ ತಳಿಯಾಗಬಹುದು.

ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವವರಿಗೆ ಒಂದು ಮಾತು. ಕಲ್ಲಿನ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಎಂಬ ಕಾಯಿಲೆ ನಮ್ಮ ದೇಶದಲ್ಲಿ ಮೊದಲು ದಾಖಲಾದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಗಣಿ 2001ರಲ್ಲಿ ಮುಚ್ಚಿತು. ಅದೇ ಸಿಲಿಕಾ ದೂಳು ಚಿಕ್ಕಬಳ್ಳಾಪುರ, ಕೋಲಾರದ ಕ್ವಾರಿಗಳಲ್ಲಿ ಇವತ್ತೂ ಏಳುತ್ತಿದೆ. ಶ್ವಾಸಕೋಶಕ್ಕೆ ಇಳಿದ ಆ ದೂಳು ಹೊರಗೆ ಬರುವುದಿಲ್ಲ, ಕೆಲಸ ಬಿಟ್ಟು ವರ್ಷಗಳಾದ ಮೇಲೂ ಅವರಿಗೆ ಕ್ಷಯದ ಅಪಾಯ ಹಲವು ಪಟ್ಟು ಹೆಚ್ಚು. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ನುಣ್ಣನೆಯ ದೂಳು ನಿಲ್ಲುವುದಿಲ್ಲ. ಕಲ್ಲಿಗೆ ನೀರು ಹಾಯಿಸಿ ಕೊರೆಯುವುದು, ಕ್ರಷರ್‌ಗೆ ನೀರು ಸಿಂಪಡಿಸುವುದು ಮಾಲೀಕರ ಹೊಣೆ. ಅದನ್ನು ಕೇಳುವ ಹಕ್ಕು ಕೂಲಿಯವರಿಗೆ ಇದೆ. ಡಾಕ್ಟರ ಹತ್ತಿರ ಹೋದಾಗ ಎಷ್ಟು ವರ್ಷ ಕಲ್ಲು ಕೆಲಸ ಮಾಡಿದ್ದೀರಿ ಎಂದು ಅವರು ಕೇಳದಿದ್ದರೂ ಹೇಳಿ.

ರೋಗಿಯ ಜೊತೆ ಒಂದೇ ಸೂರಿನಡಿ ಇರುವವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು, ಮಕ್ಕಳು ಮೊದಲು. ಕಾಯಿಲೆ ಇಲ್ಲ ಎಂದು ಖಚಿತವಾದ ಮೇಲೆ ಮುಂದೆ ಬಾರದಂತೆ ತಡೆಯುವ ಮಾತ್ರೆ ಉಚಿತವಾಗಿ ಸಿಗುತ್ತದೆ. ಕೆಲವರಿಗೆ ದಿನಕ್ಕೊಂದರಂತೆ ಆರು ತಿಂಗಳು, ಕೆಲವರಿಗೆ ವಾರಕ್ಕೊಮ್ಮೆ ಹನ್ನೆರಡು ವಾರ. ಚೆನ್ನಾಗಿರುವವರಿಗೆ ಮಾತ್ರೆ ಯಾಕೆ ಎಂದು ಇದನ್ನು ಬಿಡುವವರೇ ಹೆಚ್ಚು. ಸುಮ್ಮನೆ ಬಿದ್ದಿರುವ ರೋಗಾಣುವಿಗೆ ಇರುವ ಮದ್ದು ಇದು.

ಆರು ತಿಂಗಳು ಮುಗಿದು, ಗುಣವಾಯಿತು ಎಂದ ಮೇಲೂ ಎರಡು ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ತೂಕ ನೋಡಿಸಿ. ಕೆಮ್ಮು ಮರಳಿದರೆ ಕಫ ಪರೀಕ್ಷೆ ಮಾಡಿಸಿ. ಮೊಟ್ಟೆ, ಕಾಳು ಅಷ್ಟೂ ದಿನ ತಟ್ಟೆಯಲ್ಲಿ ಇರಲಿ, ರೋಗಿಯ ತಟ್ಟೆಯಲ್ಲೂ ಮಕ್ಕಳ ತಟ್ಟೆಯಲ್ಲೂ.

ನಮಸ್ಕಾರ.