ಕಾರ್ಡು, ಮೀಟರು ಮತ್ತು ಕೂಡುಕುಟುಂಬ

ಮಾನ್ಯ ಅಧ್ಯಕ್ಷರೇ, ದಾವಣಗೆರೆಯ ಸಹೃದಯ ಬಂಧುಗಳೇ,

ಸರ್ಕಾರದ ಉಚಿತ ಯೋಜನೆಗಳ ಬಗ್ಗೆ ನಮ್ಮಂಥ ಸಂಪ್ರದಾಯವಾದಿಗಳು ಮಾತನಾಡಲು ನಿಂತರೆ, ಬಡವರ ಅನ್ನಕ್ಕೆ ಕಲ್ಲು ಹಾಕಲು ಬಂದರು ಎಂಬ ಆಕ್ಷೇಪ ಮೊದಲೇ ಸಿದ್ಧವಾಗಿರುತ್ತದೆ. ಆ ಉದ್ದೇಶ ನನಗಿಲ್ಲ. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಊರು ಇದು. ಆಗ ಕೆಲಸ ಕಳೆದುಕೊಂಡವರ ಮನೆಗಳನ್ನು ಬಹುಮಟ್ಟಿಗೆ ಹಿಡಿದು ನಿಲ್ಲಿಸಿದ್ದು ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿದ ತಮ್ಮ, ಹಳ್ಳಿಯಿಂದ ಜೋಳದ ಚೀಲ ಕಳಿಸಿದ ಅಣ್ಣ, ಒಡವೆ ಅಡವಿಟ್ಟ ಅತ್ತಿಗೆ. ಕಷ್ಟಕಾಲಕ್ಕೆ ಮೊದಲ ಆಸರೆ ಕುಟುಂಬ, ಅದರ ಬೆನ್ನಿಗೆ ಸರ್ಕಾರ ಎಂಬುದು ನನ್ನ ನಿಲುವು. ಆದ್ದರಿಂದ ಸರ್ಕಾರ ಕೊಡಬೇಕೇ ಬೇಡವೇ ಎಂಬ ಹಳೆಯ ಜಗಳವನ್ನು ಬಿಟ್ಟು, ಕೊಡುವಾಗ ಅದು ಮನೆಯನ್ನು ಹೇಗೆ ಎಣಿಸುತ್ತದೆ ಎಂಬುದನ್ನಷ್ಟೇ ಇಂದು ವಿಚಾರಿಸುತ್ತೇನೆ.

2023ರ ಆಗಸ್ಟ್ 30ರಂದು ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಲ್ಲಿ, ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ಸಲ್ಲುತ್ತದೆ. ಜಗಳೂರು ಕಡೆಯ ಒಂದು ಒಕ್ಕಲುಮನೆಯನ್ನು ಊಹಿಸಿಕೊಳ್ಳಿ: ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಕ್ಕಳು, ಎಲ್ಲರಿಗೂ ಒಂದೇ ಒಲೆ. ಒಂದು ಕಾರ್ಡಿನಲ್ಲಿ ಕೂಡಿದ್ದರೆ ಆ ಮನೆಗೆ ಬರುವುದು 2,000. ಮೂವರು ಹೆಂಗಸರೂ ಮೂರು ಕಾರ್ಡು ಮಾಡಿಸಿಕೊಂಡರೆ 6,000. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಯ ಲೆಕ್ಕವೂ ಇದೇ ಜಾಡಿನದು. ಹತ್ತು ಜನರ ಮನೆ ಬೇಸಿಗೆಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ನಡುಮನೆಗೆ ಗೋಡೆ ಎಬ್ಬಿಸಿ ಎರಡು ಮೀಟರು ಹಾಕಿಸಿಕೊಂಡವರಿಗೆ ಎರಡು ಸಲ ಲಾಭ. ಅನ್ನಭಾಗ್ಯದಲ್ಲಿ ಆದ್ಯತಾ (ಬಿಪಿಎಲ್) ಕಾರ್ಡಿನ ಉಚಿತ ಅಕ್ಕಿ ಮಾತ್ರ ತಲೆ ಎಣಿಸಿ ಬರುವುದರಿಂದ ಅಲ್ಲಿ ಕೂಡಿ ಬಾಳಿದವರಿಗೆ ನಷ್ಟವಿಲ್ಲ. ಅನ್ನಭಾಗ್ಯದ ಬಗ್ಗೆ ನನ್ನ ತಕರಾರು ಕಡಿಮೆಯಿರುವುದಕ್ಕೆ ಅದೇ ಕಾರಣ.

ಸರ್ಕಾರಿ ಸೇವೆಗಳ ಅರ್ಜಿ ಹಾಕುವ ಗ್ರಾಮ ಒನ್ ಕೇಂದ್ರದಲ್ಲಿ ಒಮ್ಮೆ ಕಂಪ್ಯೂಟರಿನ ಮುಂದಿದ್ದ ಹುಡುಗ, ಕಾರ್ಡು ಬೇರೆ ಮಾಡಿಸಲು ಬಂದ ಹೆಣ್ಣುಮಗಳನ್ನು, “ಅಡಿಗೆ ಬೇರೆ ಮಾಡ್ಕೊಂತೀರೇನಕ್ಕ?” ಎಂದು ಕೇಳಿದ. ಆಕೆ ಪಕ್ಕದಲ್ಲಿದ್ದ ಅತ್ತೆಯ ಮುಖ ನೋಡಿದಳು. “ಹೂಂ ಅಂತ ಬರ್ಕೊಳಪ್ಪ” ಎಂದದ್ದು ಅತ್ತೆಯೇ. ಆ ಇಬ್ಬರ ನಡುವೆ ಮನಸ್ತಾಪವೇನೂ ಕಾಣಲಿಲ್ಲ. ಮನೆಯ ಲೆಕ್ಕ ತಿಳಿದವರು ಮಾಡುವುದನ್ನೇ ಅವರು ಮಾಡಿದರು. ಕಾಗದದ ಮೇಲೆ ಬೇರೆಯಾದ ಮನೆಯಲ್ಲಿ ನಾಳೆ ಜಮೀನಿನ ಮಾತು ಬಂದಾಗ ಆ ಕಾಗದವೇ ಸಾಕ್ಷಿಯಾಗಿ ಎದುರು ನಿಲ್ಲಬಹುದೆಂಬುದು ನನ್ನ ಆತಂಕ.

ನಮ್ಮವರಿಗೆ ಇಷ್ಟವಾಗದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಿಂದ ನಡೆಯುತ್ತಿರುವ ಶಕ್ತಿ ಯೋಜನೆಯನ್ನು ಗೇಲಿ ಮಾಡುವವರು, ಬಸ್ಸಿನಲ್ಲಿ ಹೋಗುತ್ತಿರುವವರು ಎಲ್ಲಿಗೆ ಹೋಗುತ್ತಿದ್ದಾರೆಂದು ನೋಡಿಲ್ಲ. ಟಿಕೆಟ್ಟಿನ ಹಣಕ್ಕಾಗಿ ಗಂಡನ ಜೇಬು ನೋಡಬೇಕಿದ್ದ ಮಗಳು ಈಗ ಕಾಯಿಲೆಯ ತಾಯಿಯನ್ನು ನೋಡಲು ಹರಿಹರಕ್ಕೋ ಹೊಳಲ್ಕೆರೆಗೋ ಹೋಗಿ ಬರುತ್ತಾಳೆ. ತವರಿನ ನಂಟು ಗಟ್ಟಿಯಾದರೆ ಸಂಪ್ರದಾಯವಾದಿ ಅದನ್ನೇಕೆ ಆಕ್ಷೇಪಿಸಬೇಕು?

ಇನ್ನು ರಾಜಕೀಯದ ಭಾಷೆ. 2022ರ ಜುಲೈನಲ್ಲಿ ಪ್ರಧಾನಿಯವರು ‘ರೇವಡಿ ಸಂಸ್ಕೃತಿ’ಯನ್ನು, ಅಂದರೆ ಮತಕ್ಕಾಗಿ ಮಿಠಾಯಿಯಂತೆ ಉಚಿತ ಕೊಡುಗೆ ಹಂಚುವುದನ್ನು, ಖಂಡಿಸಿದಾಗ ನಾನು ಮನಸಾರೆ ಒಪ್ಪಿದ್ದೆ. ಮರುವರ್ಷ ಅವರದೇ ಪಕ್ಷ ನಮ್ಮ ರಾಜ್ಯದ ಪ್ರಣಾಳಿಕೆಯಲ್ಲಿ ಬಡ ಕುಟುಂಬಗಳಿಗೆ ವರ್ಷಕ್ಕೆ ಮೂರು ಸಿಲಿಂಡರು, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಉಚಿತವೆಂದು ಬರೆಯಿತು. 2024ರಲ್ಲಿ ಮಹಾರಾಷ್ಟ್ರದ ಅದರ ಮೈತ್ರಿ ಸರ್ಕಾರ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ ಕೊಡಲಾರಂಭಿಸಿ ಚುನಾವಣೆಗೆ ಹೋಯಿತು. ಒಬ್ಬರು ‘ನಾವು ಕೊಟ್ಟೆವು’ ಎಂದರೆ ಇನ್ನೊಬ್ಬರು ‘ನಾವು ಇನ್ನೂ ಕೊಡುತ್ತೇವೆ’ ಎನ್ನುತ್ತಾರೆ. ಸೋಪಿಗೂ ಚಪ್ಪಲಿಗೂ ತೆರಿಗೆ ಕಟ್ಟಿದವರ ಹಣವನ್ನೇ ಕೊಟ್ಟು, ಫ್ಲೆಕ್ಸಿನ ಮೇಲೆ ದಾನಿಯಂತೆ ಕೈಮುಗಿದು ನಿಲ್ಲುತ್ತಾರೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಈ ಯೋಜನೆಗಳೂ ಸೇರಿದ ಐದು ಗ್ಯಾರಂಟಿಗಳಿಗೆ ಮೀಸಲಿಟ್ಟದ್ದು 51 ಸಾವಿರ ಕೋಟಿಗೂ ಮಿಗಿಲು. ಪಕ್ಕದ ಚಿತ್ರದುರ್ಗದ ಒಣಭೂಮಿ ಎದುರು ನೋಡುತ್ತಿರುವ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಒಟ್ಟು ಅಂದಾಜು ವೆಚ್ಚ ಸುಮಾರು 21 ಸಾವಿರ ಕೋಟಿ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ ಘೋಷಿಸಿದ 5,300 ಕೋಟಿಯ ವಿಚಾರದಲ್ಲಿ ಕೇಂದ್ರ, ರಾಜ್ಯಗಳೆರಡೂ ಒಂದರ ಮೇಲೊಂದು ಹೊಣೆ ಹೊರಿಸಿವೆ. ಹೊಲಕ್ಕೆ ನೀರು ಬಂದರೆ ಬೆಂಗಳೂರಿಗೆ ಗುಳೆ ಹೋಗುವ ಮಗ ಊರಲ್ಲಿ ಉಳಿದಾನು. ಕುಟುಂಬದ ಹೆಸರಿನಲ್ಲಿ ಮತ ಕೇಳುವವರಿಗೆ ಇದು ಕುಟುಂಬದ ವೆಚ್ಚವಾಗಿ ಕಾಣುವುದೇ ಇಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? 2006ರ ಭಾಗ್ಯಲಕ್ಷ್ಮಿ ಯೋಜನೆ ಹೆಣ್ಣುಮಗುವಿನ ಹೆಸರಲ್ಲಿ ಹಣವಿಟ್ಟಿತು, ಜೊತೆಗೆ ಅವಳನ್ನು ಶಾಲೆಗೆ ಕಳಿಸಬೇಕು, 18 ತುಂಬುವ ಮೊದಲು ಮದುವೆ ಮಾಡಬಾರದು ಎಂದು ಹೆತ್ತವರ ಮೇಲೂ ಹೊಣೆ ಹೊರಿಸಿತು. ಆ ಬಗೆಯ ಕೊಡುಕೊಳ್ಳುವಿಕೆ ಈಗಿನ ಯೋಜನೆಗಳಲ್ಲಿ ಇಲ್ಲ. ಗೃಹಲಕ್ಷ್ಮಿಯ ಹಣವನ್ನು ಕಾರ್ಡಿಗೊಂದರಂತೆ ಕೊಡುವ ಬದಲು ಅರ್ಹ ವಿವಾಹಿತೆಯರ ತಲೆ ಎಣಿಸಿ, ವೆಚ್ಚ ಹೆಚ್ಚದಂತೆ ತಲಾ ಮೊತ್ತವನ್ನು ಇಳಿಸಿ ಹಂಚಲಿ. ಅರವತ್ತು ದಾಟಿದ ಹಿರಿಯರನ್ನು ಜೊತೆಗಿಟ್ಟುಕೊಂಡ ಮನೆಯ ಮೀಟರಿಗೆ 200 ಯೂನಿಟ್ಟಿನ ಮಿತಿ ಸಡಿಲಿಸಲಿ. ಹೆಸರಿಗಷ್ಟೇ ಅಜ್ಜ–ಅಜ್ಜಿಯರನ್ನು ಸೇರಿಸಿಕೊಂಡು ಮೋಸ ಮಾಡುತ್ತಾರೆ ಎಂದು ಅಧಿಕಾರಿಗಳು ಹೇಳಬಹುದು. ಕಾರ್ಡಿನ ಪ್ರತಿ ಹೆಸರಿಗೂ ಆಧಾರ್ ಜೋಡಿಸಿ ಬೆರಳಚ್ಚು ಪಡೆಯುತ್ತಿರುವ ಇಲಾಖೆಗೆ ಇದನ್ನು ಪರಿಶೀಲಿಸುವುದು ಕಷ್ಟದ ಕೆಲಸವಲ್ಲ.